ಬೀದಿದೀಪ ಯಾವ ಪಕ್ಷದ್ದು ಸ್ವಾಮಿ?

ನಿನ್ನೆ ರಾತ್ರಿ ಮೂಲೆಯ ದೀಪದ ಕೆಳಗೆ ಎಡವಿ ಬಿದ್ದು ಮೊಣಕಾಲು ತರಚಿಕೊಂಡೆ. ದೀಪ ಅಂದರೆ ಬರೀ ಕಂಬ, ಅದು ಉರಿಯೋದು ನಿಲ್ಲಿಸಿ ಎರಡು ತಿಂಗಳಾಯಿತು. ಬೆಳಿಗ್ಗೆ ನಮ್ಮ ವಾರ್ಡಿನ ಕೌನ್ಸಿಲರಿಗೆ ಫೋನ್ ಮಾಡಿದರೆ ಪುಣ್ಯಾತ್ಮರು ಇಪ್ಪತ್ತು ನಿಮಿಷ ಮಾತಾಡಿದರು. ದೀಪದ ಬಗ್ಗೆ ಅಲ್ಲ! ಆ ಪಕ್ಷದವರು ದೇಶ ಹೇಗೆ ಹಾಳು ಮಾಡಿದರು, ಇವರ ನಾಯಕರು ಹೇಗೆ ಉದ್ಧಾರ ಮಾಡುತ್ತಾರೆ, ವಿದೇಶಾಂಗ ನೀತಿ ಎಲ್ಲಿ ಎಡವಿತು... ಅಲ್ಲ ಸ್ವಾಮಿ, ಎಡವಿದ್ದು ನಾನು.

ಚರಂಡಿ ಕಟ್ಟಿಕೊಂಡರೆ ವಿರೋಧಿಗಳ ಪಿತೂರಿ. ಕಸದ ಗಾಡಿ ಬರದಿದ್ದರೆ ಮೇಲಿನ ಸರ್ಕಾರ ದುಡ್ಡು ಕೊಟ್ಟಿಲ್ಲ. ಮೇಲೆ ಇವರದೇ ಸರ್ಕಾರ ಇದ್ದಾಗ? ಆಗ 'ಸ್ವಲ್ಪ ತಾಳ್ಮೆ ಇರಲಿ'. ಒಂದು ಗುಂಡಿ ಮುಚ್ಚೋಕೂ ಹೈಕಮಾಂಡ್ ಒಪ್ಪಿಗೆ ಬೇಕಾ? ಕೊನೆಗೆ ಮೆಲ್ಲಗೆ ಕೇಳಿದರು, 'ಅಂದಹಾಗೆ ನೀವು ಯಾರ ಕಡೆ?' ಕತ್ತಲ ಕಡೆ ಅಂದೆ, ಫೋನ್ ಕಟ್ಟಾಯಿತು.

ವೋಟು ಕೇಳೋಕೆ ಬಂದಾಗ ಮಾತ್ರ 'ನಾನು ನಿಮ್ಮ ಮನೆ ಮಗ, ಪಕ್ಷ ಆಮೇಲೆ' ಅಂದಿದ್ದರು ಅಲ್ವಾ? ಗೆದ್ದ ಮೇಲೆ ಮಗ ಈ ಕಡೆ ತಲೆ ಹಾಕಿಲ್ಲ. ಕೈ ಮುಗಿದು ನಗುತ್ತಿರುವ ಅವರ ಬ್ಯಾನರ್ ಮಾತ್ರ ಅದೇ ಸತ್ತ ಕಂಬಕ್ಕೆ ನೇತಾಡುತ್ತಿದೆ. ರಾತ್ರಿ ಅದೂ ಕಾಣಿಸುವುದಿಲ್ಲ, ಸದ್ಯ.