ಪಿನ್ನು ತೂರಿದರೆ ಸಾಕೇ?

ಮನೆಯಲ್ಲಿ ಇಂಟರ್ನೆಟ್ ಕೈಕೊಟ್ಟರೆ ಬೈಸಿಕೊಳ್ಳುವವರ ಪಟ್ಟಿ ದೊಡ್ಡದು. ಕಂಪನಿಯವರು, ಮಳೆ, ರಸ್ತೆ ಅಗೆದವರು, ಕೊನೆಗೆ ಮೊಬೈಲ್ ಹಿಡಿದು ಕೂತ ಮಕ್ಕಳು. ಗೋಡೆಗೆ ಅಂಟಿಕೊಂಡು ರೌಟರಿಗೆ ಕರೆಂಟ್ ಕೊಡುವ ಕರಿ ಅಡಾಪ್ಟರಿನ ಮೇಲೆ ಮಾತ್ರ ಯಾರಿಗೂ ಅನುಮಾನವೇ ಬರುವುದಿಲ್ಲ. ಅದೋ ವರ್ಷಗಟ್ಟಲೆ ಹಗಲು ರಾತ್ರಿ ಬಿಸಿಯಾಗಿ ದುಡಿದು, ಒಳಗೆ ವೋಲ್ಟೇಜನ್ನು ಸಮವಾಗಿಡುವ ಕೆಪಾಸಿಟರ್ ಒಣಗಿ ಕೂತಿರುತ್ತದೆ. ಆದರೂ ಪೂರ್ತಿ ಸಾಯುವುದಿಲ್ಲ. ಅದೇ ತಲೆನೋವು.

ನಮ್ಮ ರೌಟರ್ ಒಬ್ಬರು ಬಳಸಿದರೆ ಸುಮ್ಮನಿರುತ್ತಿತ್ತು. ಎಲ್ಲರೂ ಒಟ್ಟಿಗೆ ವಿಡಿಯೊ ಹಾಕಿದರೆ ಪಟ್ ಅಂತ ಆರಿ, ಮತ್ತೆ ಮೊದಲಿಂದ ಎದ್ದು ಕೂರುತ್ತಿತ್ತು. "ಇದಕ್ಕೆ ಗುಂಪು ಕಂಡ್ರೆ ಆಗಲ್ಲ" ಅಂತ ಅಮ್ಮ ತೀರ್ಪು ಕೊಟ್ಟರು. ತಮಾಷೆ ಅಂದರೆ, ಅದು ನಿಜವೇ. ರೌಟರ್ ಜಾಸ್ತಿ ಕರೆಂಟ್ ಎಳೆದ ಕೂಡಲೇ ಮುದಿ ಅಡಾಪ್ಟರಿನ ವೋಲ್ಟೇಜ್ ಕುಸಿಯುತ್ತದೆ. ರೌಟರಿನಿಂದ ಬಿಡಿಸಿ, ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದರೆ ಮಾತ್ರ, ಹೊರೆ ಇಲ್ಲದ್ದಕ್ಕೆ ಸಾಚಾ 12 ವೋಲ್ಟ್ ತೋರಿಸಿ, ಏನೂ ಅರಿಯದ ಹಾಗೆ ಇರುತ್ತದೆ.

ಆಗ ಭಾವ ಬಂದರು. ಬಂದವರೇ ಅಟ್ಟದಿಂದ ಅಡಾಪ್ಟರ್ ಚೀಲ ಇಳಿಸಿದರು. ಯಂತ್ರಗಳು ಯಾವಾಗಲೋ ಗುಜರಿ ಸೇರಿದ್ದವು. ಅಡಾಪ್ಟರ್‌ಗಳು ಮಾತ್ರ ಪಿತ್ರಾರ್ಜಿತ ಆಸ್ತಿಯ ಹಾಗೆ ಉಳಿದಿದ್ದವು. ಭಾವನ ಲೆಕ್ಕ ಸರಳ: ಪಿನ್ನು ತೂರಿದರೆ ಅದು ನಮ್ಮದೇ.

ಮೊದಲು ಹಳೆ ಮೋಡೆಮ್‌ನ 9 ವೋಲ್ಟಿನದು ಚುಚ್ಚಿದರು. ರೌಟರ್ ಅರೆಗಣ್ಣು ಬಿಟ್ಟು ಮುಚ್ಚಿತು. ಆಮೇಲೆ ಅವರ ಕೈ ಹೋಗಿದ್ದು ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟನ್ನೂ ಕಳಿಸುವ ಪಿಒಇ ಸ್ವಿಚ್ಚಿನ 48 ವೋಲ್ಟಿನದಕ್ಕೆ. ನಾನು ಓಡಿ ಹೋಗಿ ಕೈ ಹಿಡಿದೆ.

"ವೋಲ್ಟು ಜಾಸ್ತಿ ಇದ್ರೆ ಸ್ಪೀಡೂ ಜಾಸ್ತಿ ಅಲ್ವಾ?" ಅಂದರು.

ವೋಲ್ಟ್ ರೌಟರ್ ಕೇಳಿದಷ್ಟೇ ಇರಬೇಕು, ಆಂಪಿಯರ್ ಜಾಸ್ತಿ ಇದ್ದರೆ ತೊಂದರೆ ಇಲ್ಲ ಅಂದೆ. ಭಾವ ಇದನ್ನು ಒಪ್ಪಲಿಲ್ಲ. 1 ಆಂಪಿಯರ್ ಕೇಳುವ ರೌಟರಿಗೆ 2 ಆಂಪಿಯರ್ ನುಗ್ಗಿದರೆ ಸುಟ್ಟು ಹೋಗಲ್ವಾ ಅನ್ನುವುದು ಅವರ ವಾದ. ಅದು ನುಗ್ಗುವುದಿಲ್ಲ, ರೌಟರ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಇದನ್ನು ಒಪ್ಪಿಸಲು ಕಾಫಿ ಎರಡು ಸುತ್ತು ಆಯಿತು.

ಚೀಲದೊಳಗೆ ಇನ್ನೂ ಮೋಸಗಾರರಿದ್ದರು. ಮಗಳ ಸಂಗೀತದ ಕೀಬೋರ್ಡಿನದು ಉಲ್ಟಾ: ಮಧ್ಯದ ತೂತಿನಲ್ಲಿ ಮೈನಸ್, ಹೊರಗೆ ಪ್ಲಸ್. ಲೇಬಲ್ ಮೇಲಿನ ಪುಟ್ಟ ಚಿತ್ರ ನೋಡದಿದ್ದರೆ ಗೊತ್ತೇ ಆಗಲ್ಲ. ಇನ್ನೊಂದರ ಮೇಲೆ ನೇರ ಗೆರೆ, ಅದರಡಿ ತುಂಡು ಗೆರೆ ಇರಬೇಕಾದ ಕಡೆ ಅಲೆಯ ಗುರುತು. ಅಂದರೆ ಅದು ಕೊಡುವುದು ರೌಟರಿಗೆ ಬೇಕಾದ ಡಿಸಿಯೇ ಅಲ್ಲ, ಗೋಡೆಯ ಪ್ಲಗ್ಗಿನಲ್ಲಿ ಬರುವಂಥ ಎಸಿ. ಇಟ್ಟಿಗೆಯಷ್ಟು ಭಾರದ ಹಳೇ ಟ್ರಾನ್ಸ್‌ಫಾರ್ಮರ್ ಒಂದು 12 ಅಂತ ಬರೆದುಕೊಂಡು ಮೀಟರಿನಲ್ಲಿ 16ರ ಮೇಲೆ ತೋರಿಸಿತು. ವೋಲ್ಟನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಇಲ್ಲದವು, ಕರೆಂಟ್ ಎಳೆಯುವವರು ಯಾರೂ ಇಲ್ಲದಾಗ ಹೀಗೆ ಜಂಬ ತೋರಿಸುತ್ತವೆ. ಮತ್ತೊಂದು ಎಲ್ಲದರಲ್ಲೂ ಸರಿ, ಆದರೆ ತೂತು 2.5 ಮಿಲಿಮೀಟರ್. ರೌಟರಿನ ಕಡ್ಡಿ 2.1. ಹೊರಗಡೆ ಎರಡೂ 5.5, ಹಾಗಾಗಿ ಸಲೀಸಾಗಿ ಹೋಗಿ ಕೂರುತ್ತದೆ. ಆದರೆ ಒಳಗೆ ಸಡಿಲ, ಯಾರಾದರೂ ಪಕ್ಕದಲ್ಲಿ ನಡೆದರೆ ಇಂಟರ್ನೆಟ್ ಹೋಗುತ್ತದೆ.

ಕೊನೆಗೆ ತಳದಲ್ಲಿ ಸೆಟ್‌ಟಾಪ್ ಬಾಕ್ಸಿನದು ಸಿಕ್ಕಿತು. 12 ವೋಲ್ಟ್, 2 ಆಂಪಿಯರ್, ಒಳಗೆ ಪ್ಲಸ್. ಗೋಡೆಯ ಸ್ವಿಚ್ ಆಫ್ ಮಾಡಿ, ಪಿನ್ನು ರೌಟರಿಗೆ ಸಿಕ್ಕಿಸಿ, ಆಮೇಲೆ ಆನ್ ಮಾಡಿದೆವು. ಎಲ್ಲರೂ ಒಟ್ಟಿಗೆ ವಿಡಿಯೊ ಹಾಕಿದರು. ರೌಟರ್ ಅಲ್ಲಾಡಲಿಲ್ಲ.

ಇನ್ನು ಮೇಲೆ ಪ್ರತಿಯೊಂದಕ್ಕೂ ಚೀಟಿ ಕಟ್ಟಿ ಅಂತ ಅಮ್ಮನ ಆಜ್ಞೆಯಾಯಿತು. ಅರ್ಧದಷ್ಟರ ಒಡೆಯ ಯಾರೆಂದು ಯಾರಿಗೂ ನೆನಪಿಲ್ಲ. ಅವಕ್ಕೆ ಭಾವ "ಯಾವುದೋ" ಅಂತ ಬರೆದು ಮತ್ತೆ ಚೀಲಕ್ಕೇ ಹಾಕಿದರು. 48 ವೋಲ್ಟಿನದಕ್ಕೆ ನಾನೇ "ರೌಟರಿಗೆ ಹಾಕಬೇಡಿ" ಅಂತ ಕೆಂಪು ಶಾಯಿಯಲ್ಲಿ ಬರೆದೆ. ಭಾವ ಅದರ ಕೆಳಗೆ ಪೆನ್ಸಿಲಿನಲ್ಲಿ ಸಣ್ಣಗೆ ಸೇರಿಸಿದರು: "ಸ್ಪೀಡ್ ಬೇಕಾದರೆ ಮಾತ್ರ."