ಪತ್ರಕರ್ತನ ಹಳೆಯ ಯೂನಿಫಾರ್ಮ್

ನಾನಿರುವುದು ಸಿಂಗಪುರದಲ್ಲಿ. ಇಲ್ಲಿ "ಎನ್‌ಎಸ್ ಮುಗಿಯಿತಾ?" ಅಂತ ಕೇಳುವುದು, ನಮ್ಮಲ್ಲಿ "ಡಿಗ್ರಿ ಆಯ್ತಾ?" ಅಂದಷ್ಟೇ ಮಾಮೂಲು. 1967ರಿಂದ ಗಂಡುಮಕ್ಕಳಿಗೆ ನ್ಯಾಷನಲ್ ಸರ್ವೀಸ್ (ಎನ್‌ಎಸ್), ಅಂದರೆ ಸೈನ್ಯದಂಥ ಕಡೆ ಯೂನಿಫಾರ್ಮ್ ತೊಟ್ಟು ದುಡಿಯುವುದು, ಕಡ್ಡಾಯ. ಈಗ ಸುಮಾರು ಎರಡು ವರ್ಷ. ಅಷ್ಟಕ್ಕೇ ಬಿಡುವುದೂ ಇಲ್ಲ, ಆಮೇಲೂ ವರ್ಷಗಟ್ಟಲೆ ರಿಸರ್ವಿಸ್ಟ್ (ಮೀಸಲು ಸೈನಿಕ) ಅಂತ ಕರೆಸಿಕೊಳ್ಳುತ್ತಿರುತ್ತಾರೆ. ಹಾಗಾಗಿ ಇಲ್ಲಿ ಹುಟ್ಟಿ ಬೆಳೆದ ಪತ್ರಕರ್ತ ಸಿನಿಮಾ ವಿಮರ್ಶೆ ಬರೆಯುವವನಾದರೂ ಒಂದು ಕಾಲದಲ್ಲಿ ಯೂನಿಫಾರ್ಮ್ ತೊಟ್ಟಿದ್ದವನೇ. ಅಂಥವನು ಸೈನ್ಯದ ಬಗ್ಗೆ ಪಕ್ಷಪಾತವಿಲ್ಲದೆ ಬರೆಯಬಲ್ಲನೇ ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಭಾರತದಲ್ಲಿ ಹಾಗಲ್ಲ. ಇಷ್ಟವಿದ್ದವರು ಸೈನ್ಯ ಸೇರುತ್ತಾರೆ, ಅದಕ್ಕೇ ಗೌರವ ಜಾಸ್ತಿ. ಟಿವಿ ಚರ್ಚೆಯಲ್ಲಿ ಹೆಸರಿನ ಮುಂದೆ ಮೇಜರ್, ಕರ್ನಲ್ ಅಂತಿದ್ದರೆ ಎದುರಿನವನ ದನಿ ತಾನಾಗಿಯೇ ತಗ್ಗುತ್ತದೆ. "ನೀವು ಗಡಿಯಲ್ಲಿ ನಿಂತಿದ್ದೀರಾ?" ಅಂದುಬಿಟ್ಟರೆ ಚರ್ಚೆ ಮುಗಿದ ಹಾಗೆ.

ಆದರೆ ಕರ್ನಲ್ ಅಜಯ್ ಶುಕ್ಲಾ ಅವರನ್ನು ನೋಡಿ. ಸೈನ್ಯದಿಂದ ಹೊರಬಂದು ಪತ್ರಕರ್ತರಾದವರು. 2020ರಲ್ಲಿ ಚೀನಾದವರು ಲಡಾಖ್‌ನಲ್ಲಿ ಎಷ್ಟು ಒಳಗೆ ಬಂದಿದ್ದಾರೆ ಅಂತ ಬರೆದರು. ಸರ್ಕಾರದ ಮಾತಿಗೂ ಅವರ ವರದಿಗೂ ತಾಳೆಯಾಗಲಿಲ್ಲ. ಆಗ ಬೈದವರು ಆ 'ಕರ್ನಲ್' ಪದಕ್ಕೆ ಸೊಪ್ಪು ಹಾಕಲಿಲ್ಲ. ನಮ್ಮ ಗೌರವವೂ ಅಷ್ಟೇ, ನಮಗೆ ಹಿಡಿಸುವ ಮಾತಾಡುವ ತನಕ!

ಅಮೆರಿಕದ್ದು ಇನ್ನೊಂದು ದಾರಿ. 'ದಿ ಅಟ್ಲಾಂಟಿಕ್' ಪತ್ರಿಕೆಯ ಸಂಪಾದಕ ಜೆಫ್ರಿ ಗೋಲ್ಡ್‌ಬರ್ಗ್ ಅಮೆರಿಕದಲ್ಲೇ ಹುಟ್ಟಿದವರು. ಆದರೂ ಇಸ್ರೇಲಿಗೆ ಹೋಗಿ ಸೈನ್ಯ ಸೇರಿ, ಮೊದಲ ಇಂತಿಫಾದಾ (ಇಸ್ರೇಲ್ ವಿರುದ್ಧ ಪ್ಯಾಲೆಸ್ಟೀನಿಯರ ದಂಗೆ) ಕಾಲದಲ್ಲಿ ಪ್ಯಾಲೆಸ್ಟೀನಿ ಕೈದಿಗಳಿದ್ದ ಜೈಲನ್ನು ಕಾದರು. ಬಚ್ಚಿಡಲಿಲ್ಲ, 2006ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ತಂದರು. ಆದರೂ ಅವರು ಇಸ್ರೇಲ್ ಬಗ್ಗೆ ಬರೆದಾಗ ಟೀಕಾಕಾರರು ಆ ಜೈಲಿನ ಮಾತು ಎತ್ತುತ್ತಾರೆ. ಎತ್ತಲಿ ಬಿಡಿ. ಬರೆದವರು ಎಲ್ಲಿ ನಿಂತಿದ್ದರು ಅಂತ ಗೊತ್ತಿದ್ದರೆ ಓದುವವನಿಗೆ ಒಳ್ಳೆಯದೇ ಅಲ್ವಾ?

2010ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಆದದ್ದು ಇದಕ್ಕಿಂತ ತೊಡಕಿನದು. ಅದರ ಜೆರುಸಲೇಂ ಕಚೇರಿಯ ಮುಖ್ಯಸ್ಥ ಈಥನ್ ಬ್ರಾನರ್ ಅವರ ಮಗ ಇಸ್ರೇಲ್ ಸೈನ್ಯ ಸೇರಿದ. ಅಪ್ಪನಿಗೆ ಬೇರೆ ಕೆಲಸ ಕೊಡಿ ಅಂತ ಅದೇ ಪತ್ರಿಕೆಯಲ್ಲಿ ಓದುಗರ ಪರವಾಗಿ ಬರೆಯುತ್ತಿದ್ದ ಕ್ಲಾರ್ಕ್ ಹಾಯ್ಟ್ ಹೇಳಿದರು. ಸಂಪಾದಕ ಬಿಲ್ ಕೆಲ್ಲರ್ ಒಪ್ಪಲಿಲ್ಲ. ನಾನು ಹಾಯ್ಟ್ ಪರ. ಇಪ್ಪತ್ತು ವರ್ಷದ ಹಿಂದೆ ಮುಗಿದ ಸೇವೆಯನ್ನು ದೂರದಿಂದ ನೋಡಬಹುದು, ಬೈಯಲೂಬಹುದು. ಮಗ ಈಗ ಸೈನ್ಯದಲ್ಲಿರುವಾಗ ಅದೇ ಸೈನ್ಯದ ತಪ್ಪನ್ನು ಬರೆಯುವುದು ಯಾವ ಅಪ್ಪನಿಗೂ ಸುಲಭವಲ್ಲ.

ಆದರೂ ಅಮೆರಿಕದವರು ಕೂತು ಜಗಳವನ್ನಾದರೂ ಆಡಿದರು. ನಾನಿರುವ ಕಡೆ ಆ ಪ್ರಶ್ನೆಯೇ ಏಳುವುದಿಲ್ಲ. ಪತ್ರಿಕೆಯಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಮೊನ್ನೆ ರಿಸರ್ವಿಸ್ಟ್ ಮುಗಿಸಿ ಬಂದ. "ಸೈನ್ಯದ ಸುದ್ದಿ ಬರೆಯುವಾಗ ನಿನಗೇನಾದರೂ ಬೇರೆ ಅನ್ನಿಸುತ್ತದಾ?" ಅಂತ ಸುಮ್ನೆ ಕೇಳಿದೆ. ಅವನಿಗೆ ನಾನು ಏನು ಕೇಳುತ್ತಿದ್ದೇನೆ ಅಂತಲೇ ಅರ್ಥವಾಗಲಿಲ್ಲ. "ಬೇರೆ ಅಂದರೆ? ಯಾರಿಗಿಂತ ಬೇರೆ?" ಅಂದ.