ತಿಂಡಿಗೆ ಮೊದಲು ವ್ಯಾಯಾಮ ಮಾಡಿದರೆ ಮಾತ್ರ ಕೊಬ್ಬು ಕರಗುತ್ತದಾ?

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಮಾಡಿದರೆ ಮಾತ್ರ ಕೊಬ್ಬು ಕರಗುತ್ತದೆ, ತಿಂಡಿ ತಿಂದು ಮಾಡಿದರೆ ಎಲ್ಲ ದಂಡ ಎನ್ನುವ ಮೆಸೇಜ್ ಮತ್ತೆ ಮತ್ತೆ ಬರುತ್ತಿರುತ್ತದೆ, ಅಲ್ವಾ? ಅದು ತಪ್ಪು.

ಹಾಗಂತ ಸುಮ್ನೆ ಹುಟ್ಟಿದ ಮಾತಲ್ಲ. ರಾತ್ರಿಯಿಡೀ ಏನೂ ತಿನ್ನದಿದ್ದಾಗ ರಕ್ತದ ಸಕ್ಕರೆ ಇಳಿಸುವ ಹಾರ್ಮೋನ್ ಆದ ಇನ್ಸುಲಿನ್ ಕಡಿಮೆ ಇರುತ್ತದೆ. ಆಗ ನಡೆದರೆ ದೇಹ ಕೊಬ್ಬನ್ನೇ ಜಾಸ್ತಿ ಬಳಸುತ್ತದೆ. ಆದರೆ ದಿನದ ಉಳಿದ ಹೊತ್ತಿನಲ್ಲಿ ದೇಹ ಕೊಬ್ಬನ್ನು ಕಡಿಮೆ ಬಳಸಿ, ಈ ಲೆಕ್ಕ ಬಹುಪಾಲು ಸರಿದೂಗುತ್ತದೆ. ತೂಕ ಇಳಿಯುವುದು ವಾರಗಟ್ಟಲೆ ಎಷ್ಟು ತಿಂದಿರಿ, ಎಷ್ಟು ಶಕ್ತಿ ಖರ್ಚು ಮಾಡಿದಿರಿ ಎನ್ನುವುದರ ಮೇಲೆ.

ಇಂಥ ಮೆಸೇಜ್ ಬಂದಾಗ ಒಂದು ವಿಷಯ ನೋಡಿ. ಅದರ ಹಿಂದಿನ ಅಧ್ಯಯನದಲ್ಲಿ ಅಳೆದದ್ದು ಏನನ್ನು? ಆ ಒಂದು ಗಂಟೆಯಲ್ಲಿ ಕರಗಿದ ಕೊಬ್ಬನ್ನೋ, 2-3 ತಿಂಗಳ ನಂತರದ ತೂಕವನ್ನೋ? ತಿಂದು ಮಾಡಿದವರು, ತಿನ್ನದೆ ಮಾಡಿದವರು, ಎರಡೂ ಗುಂಪಿನವರು ದಿನಕ್ಕೆ ಒಂದೇ ಪ್ರಮಾಣದ ಊಟ ಮಾಡಿದ್ದರಾ? ಇದ್ಯಾವುದೂ ಇಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ.

ನನಗೆ ನಿಜಕ್ಕೂ ಚಿಂತೆ ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರದ್ದು. ಖಾಲಿ ಹೊಟ್ಟೆಯಲ್ಲಿ ಓಡಿದರೆ ಸಕ್ಕರೆ ತೀರಾ ಇಳಿಯಬಹುದು. ಕೈ ನಡುಗುತ್ತದೆ, ತಣ್ಣನೆ ಬೆವರುತ್ತದೆ, ಕಣ್ಣು ಮಂಜಾಗುತ್ತದೆ. ಅವರು ಮೊದಲು ತಮ್ಮ ವೈದ್ಯರನ್ನು ಕೇಳಲೇಬೇಕು. ಉಳಿದವರು ಹೊಟ್ಟೆ ತುಂಬ ತಿಂದಿದ್ದರೆ 2-3 ಗಂಟೆ ಬಿಟ್ಟು ಮಾಡಿ. ಸ್ವಲ್ಪವೇ ತಿಂದಿದ್ದರೆ ಅರ್ಧದಿಂದ 1 ಗಂಟೆ ಸಾಕು.